ಮೂಲ ಸಿಗುವವರೆಗೆ

ಗಂಡನ ಬಿಳಿ ಅಂಗಿಯ ಕಾಲರಿನ ಒಂದು ತುದಿಗೆ ಇಸ್ತ್ರಿ ಆಗಿತ್ತು, ಇನ್ನೊಂದು ಬಾಕಿ ಇತ್ತು. ಅಷ್ಟರಲ್ಲಿ ನಡುಮನೆಯಿಂದ ಅತ್ತೆಯ ತೀರ್ಪು ಹೊರಬಿತ್ತು.

"ಹೊತ್ತುಹೊತ್ತಿಗೆ ಊಟ ಮಾಡಲ್ಲ ಇವಳು. ಅದಕ್ಕೇ ಬಂದಿದೆ."

ಅವಳು ಕಿವಿಯ ಕೆಳಗಿನ ಗಂಟನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಸೂಜಿ ಚುಚ್ಚಿ ಪರೀಕ್ಷಿಸಿ ಡಾಕ್ಟರು ಕ್ಯಾನ್ಸರ್ ಎಂದಿದ್ದರು. ಆದರೆ ಅದು ಹುಟ್ಟಿದ್ದು ಅಲ್ಲಲ್ಲವಂತೆ. ಬಾಯಲ್ಲೋ ಗಂಟಲಲ್ಲೋ ಹುಟ್ಟಿ ಕುತ್ತಿಗೆಗೆ ಬಂದು ಕೂತಿದೆಯಂತೆ. ಹುಡುಕಲು ಮೂಗಿನಿಂದ ಕೊಳವೆ ಇಳಿಸಿದ್ದರು, ಇಡೀ ಮೈ ಸ್ಕ್ಯಾನ್ ಮಾಡಿದ್ದರು. ಹುಟ್ಟಿದ ಜಾಗ ಮಾತ್ರ ಸಿಕ್ಕಿರಲಿಲ್ಲ. ಅಷ್ಟು ದೊಡ್ಡ ಯಂತ್ರಕ್ಕೆ ಸಿಗದ್ದು ಅತ್ತೆಗೆ ಚಹಾ ಆರುವುದರೊಳಗೆ ಸಿಕ್ಕಿತ್ತು.

"ಊಟದಿಂದಲ್ಲಮ್ಮ," ಎಂದ ಗಂಡ. "ಅವಳ ತಾಯಿ ಕಡೆಯಿಂದ ಬಂದಿರೋದು. ನಮ್ಮ ಕಡೆ ಯಾರಿಗಾದ್ರೂ ಇದೆಯಾ?"

"ನಮ್ಮ ಕಡೆ ಎಲ್ಲಿಂದ ಬರತ್ತೆ!" ವಂಶದ ಬಾಗಿಲಿಗೆ ಕಾವಲುಗಾರನನ್ನು ಇಟ್ಟವರ ಹಾಗಿತ್ತು ಅತ್ತೆಯ ದನಿ.

ಅವಳು ಇಸ್ತ್ರಿ ಬಿಟ್ಟು ಬಾಗಿಲಿಗೆ ಬಂದಳು. "ರೀ, ಆಸ್ಪತ್ರೆಗೆ ಫೋನ್ ಮಾಡ್ಬೇಕು. ಗುರುವಾರ ಆಪರೇಷನ್ನಿಗೆ ಬರ್ತೀವಾ ಇಲ್ವಾ ಅಂತ ಇವತ್ತೇ ಹೇಳ್ಬೇಕಂತೆ."

"ಎಲ್ಲಿ ಹುಟ್ಟಿದೆ ಅಂತಾನೇ ಗೊತ್ತಿಲ್ಲದೆ ಏನನ್ನ ಕೊಯ್ತಾರೆ? ಮೊದ್ಲು ಮೂಲ ಸಿಗ್ಲಿ. ಇನ್ನೂ ನಾಲ್ಕು ಜನರನ್ನ ಕೇಳೋಣ."

"ಕೆಲವ್ರಿಗೆ ಸಿಗೋದೇ ಇಲ್ವಂತೆ. ಅದಕ್ಕೋಸ್ಕರ ಕಾಯ್ತಾ ಕೂರ್ಬೇಡಿ ಅಂದ್ರು. ಕುತ್ತಿಗೆಯ ಗಂಟು ತೆಗೀತಾರಂತೆ, ಟಾನ್ಸಿಲ್ಲೂ ತೆಗೆದು ಅದರೊಳಗೆ ಅಡಗಿದೆಯಾ ನೋಡ್ತಾರಂತೆ. ಆಮೇಲೆ ರೇಡಿಯೇಷನ್ ಅಂತೆ."

"ಅಂತೆ, ಅಂತೆ! ನೀನೇನು ಡಾಕ್ಟ್ರಾ?"

"ಮಾತು ಬೆಳೆಸ್ಬೇಡಮ್ಮ," ಎಂದರು ಅತ್ತೆ. "ಇಷ್ಟು ದಿನ ಸುಮ್ನಿದ್ದ ಗಂಟು ಇನ್ನೆರಡು ತಿಂಗಳು ಸುಮ್ನಿರಲ್ವಾ?"

ಆಗ ವಾಸನೆ ಬಂತು. ಗಂಡ, ಅತ್ತೆ ಇಬ್ಬರೂ ಅವಳನ್ನು ದಾಟಿ ಒಳಗೆ ಓಡಿದರು. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಕೂತಲ್ಲೇ ಕೂತಿತ್ತು. ಸುತ್ತ ತೆಳ್ಳಗೆ ಹೊಗೆ.

"ಯಾರು ಇಷ್ಟು ಬಿಸಿಗೆ ಇಟ್ಟಿದ್ದು?"

"ಬೆಳಿಗ್ಗೆ ಪ್ಯಾಂಟಿಗೆ ಇಸ್ತ್ರಿ ಹಾಕ್ಕೊಂಡಿದ್ದು ನೀನೇ ಅಲ್ವೇನೋ?"

"ನಾನು ಬಿಸಿಯ ಗುಂಡಿ ಮುಟ್ಟೇ ಇಲ್ಲಮ್ಮ! ಅದು ತಂದಾಗಿಂದ್ಲೂ ಸಡಿಲ. ಇಂಥದ್ದನ್ನ ಆರಿಸಿದ್ದು ಯಾರು ಹೇಳು?"

ಇಬ್ಬರೂ ಬಗ್ಗಿ ಆ ಗುಂಡಿಯನ್ನು ಪರಿಶೀಲಿಸಿದರು. ಪೆಟ್ಟಿಗೆ ಎತ್ತಬೇಕೆಂದು ಯಾರಿಗೂ ತೋಚಲಿಲ್ಲ. ಈ ಮನೆಯ ಪದ್ಧತಿಯೇ ಹಾಗೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿದಾಗಲೂ ಅದನ್ನು ವಿಪರೀತ ಬಿಗಿಯಾಗಿ ತಿರುಗಿಸಿ ಕೆಡಿಸಿದವರು ಯಾರೆಂಬ ವಿಚಾರಣೆ ವಾರಗಟ್ಟಲೆ ನಡೆದಿತ್ತು. ಕೊನೆಗೆ ಯಾವಾಗಲೋ ಬಂದುಹೋದ ನೆಂಟನೊಬ್ಬ ತಪ್ಪಿತಸ್ಥನೆಂದು ಒಮ್ಮತದಿಂದ ತೀರ್ಮಾನವಾಯಿತು. ನಲ್ಲಿ ಈಗಲೂ ತೊಟ್ಟಿಕ್ಕುತ್ತಿದೆ.

ಅವಳು ಇಬ್ಬರ ನಡುವೆ ಕೈ ತೂರಿಸಿ ಪೆಟ್ಟಿಗೆ ಎತ್ತಿದಳು, ಪ್ಲಗ್ ಕಿತ್ತಳು.

"ಕಾಲರ್ ಹೋಯ್ತು. ಬಿಸಾಕು," ಎಂದ ಗಂಡ. ವಿಚಾರಣೆ ಮತ್ತೆ ನಡುಮನೆಗೆ ವರ್ಗವಾಯಿತು.

ಅವಳು ಬಾಗಿಲು ಮುಂದೆ ಮಾಡಿ, ಮೊಬೈಲ್ ತೆಗೆದು, ಮೆಲ್ಲಗೆ ಎರಡೇ ಮಾತು ಹೇಳಿದಳು: "ಗುರುವಾರ ಬರ್ತೀನಿ."

ತಲೆಯ ಮೇಲಿಂದ ಹಾಕಿಕೊಳ್ಳುವ ಬಟ್ಟೆ ಬೇಡ, ಮುಂದೆ ಗುಂಡಿ ಇರುವುದನ್ನು ತನ್ನಿ, ಕುತ್ತಿಗೆಗೆ ಏನೂ ತಾಗಬಾರದು ಎಂದು ನರ್ಸ್ ಹೋದ ಸಲವೇ ಹೇಳಿದ್ದಳು. ಅವಳು ಕತ್ತರಿ ತಂದು, ಹೊಲಿಗೆಯ ಗುಂಟ ಸುಟ್ಟ ಕಾಲರನ್ನು ನಾಜೂಕಾಗಿ ಕತ್ತರಿಸಿ ತೆಗೆದಳು. ಉಳಿದ ಅಂಗಿಗೆ ಒಂದು ಕಲೆಯೂ ಇರಲಿಲ್ಲ. ಮಡಿಸಿ ಆಸ್ಪತ್ರೆಗೆ ಒಯ್ಯುವ ಚೀಲದ ತಳಕ್ಕೆ ಇಟ್ಟಳು.

ನಡುಮನೆಯಲ್ಲಿ ತನಿಖೆ ಆಗಲೇ ಇಸ್ತ್ರಿಪೆಟ್ಟಿಗೆ ಮಾರಿದ ಅಂಗಡಿಯವನವರೆಗೆ ಬಂದು ಮುಟ್ಟಿತ್ತು.