ಊಟದ ಗಂಟೆ ಬಾರಿಸಿದವರು ಯಾರು?

ಊಟದ ಗಂಟೆ ಹೊತ್ತಿಗೆ ಮೊದಲೇ ಬಾರಿಸಿತು. ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು, ಹೆಂಗಸರು ಡಬ್ಬಿ ಹಿಡಿದು ಎದ್ದರು. ಕಾರ್ಖಾನೆಯ ಯಜಮಾನರು ಸೋದರಳಿಯನ ಮೇಲೆ ಹರಿಹಾಯ್ದರು.

"ಏನೋ ಇದು? ಒಂದು ಗಂಟೆಗೆ ಬೇಡ, ಇವತ್ತಿಂದ ಒಂದೂವರೆಗೆ ಅಂತ ತಾನೇ ಹೇಳಿದ್ದು?"

"ಬದಲಾಯಿಸಿದೀನಿ ಮಾವ. ಒಂದೂವರೆಗೆ ಬಾರಿಸುತ್ತೆ ನೋಡಿ."

ಬಾರಿಸಿತು. ಹೆಂಗಸರು ಮತ್ತೆ ಎದ್ದರು.

ಗಂಟೆ ಬಾರಿಸುವುದು ಲಿನಕ್ಸ್ ಕಂಪ್ಯೂಟರು. ಅದನ್ನು ನೋಡಿಕೊಳ್ಳುವವನು ಅಳಿಯ. ಕೆಲಸಗಾರರು ಅವನಿಗಿಟ್ಟ ಹೆಸರು ಜೋಪಾನಪ್ಪ. ವೇಳೆ ಬರೆದಿಟ್ಟ ಫೈಲನ್ನು ಮುಟ್ಟುವ ಮೊದಲು ಅದರ ನಕಲೊಂದನ್ನು ಪಕ್ಕದಲ್ಲೇ ತೆಗೆದಿಡುವವನು, ತಿದ್ದಿದ್ದನ್ನು ಎರಡೆರಡು ಸಲ ಓದುವವನು, ಹಾಕಿದ ಬೀಗವನ್ನು ಜಗ್ಗಿ ನೋಡುವವನು. ಅಂಥವನ ಕೈಯಲ್ಲಿ ತಪ್ಪಾಗುವುದುಂಟೇ? ಫೈಲ್ ತೆರೆದು ನೋಡಿದ. ಒಂದೂವರೆ ಎಂದೇ ಇತ್ತು. ಹಾಗಾದರೆ ಯಾರೋ ಕೈಯಾಡಿಸುತ್ತಿದ್ದಾರೆ.

ಪಾಸ್‌ವರ್ಡ್ ಬದಲಾಯಿಸಿದ. ಕಳ್ಳನ ದಾರಿ ತಪ್ಪಿಸಲು, ಮಾವನ ಒಪ್ಪಿಗೆ ಪಡೆದು, ಊಟವನ್ನು ಎರಡಕ್ಕೆ ತಳ್ಳಿದ. ಅದಕ್ಕೆ ಮೊದಲು ಇನ್ನೊಂದು ನಕಲು ತೆಗೆದಿಡಲು ಮರೆಯಲಿಲ್ಲ.

ಮರುದಿನ ಗಂಟೆ ಒಂದಕ್ಕೂ ಬಾರಿಸಿತು, ಒಂದೂವರೆಗೂ ಬಾರಿಸಿತು, ಎರಡಕ್ಕೂ ಬಾರಿಸಿತು. ಮೊದಲನೆಯದಕ್ಕೆ ಊಟ, ಎರಡನೆಯದಕ್ಕೆ ಹರಟೆ, ಮೂರನೆಯದಕ್ಕೆ ತೂಕಡಿಕೆ. ಅಂಗಿಗಳು ತೋಳಿಲ್ಲದೆ ಬಿದ್ದಿದ್ದವು.

ಕಂಪ್ಯೂಟರ್ ಕೋಣೆಯ ಬಾಗಿಲ ಬಳಿ ಕೂತು ಕಾಲರ್ ಹೊಲಿಯುವವಳು ದೊಡ್ಡಕ್ಕ. ಮೂರು ಸಲವೂ ಎಲ್ಲರಿಗಿಂತ ಮೊದಲು ಎದ್ದವಳು ಅವಳೇ. ಜೋಪಾನಪ್ಪ ಅವಳತ್ತ ಬೆರಳು ತೋರಿಸಿದ.

"ನಂಗೆ ಮೊಬೈಲೇ ಸರಿಯಾಗಿ ಬರಲ್ಲ ಸಾರ್," ಎಂದಳು ದೊಡ್ಡಕ್ಕ. "ಆದ್ರೆ ಒಂದು ಮಾತು. ನೀವು ಜೋಪಾನ ಮಾಡಿದಷ್ಟೂ ನಮಗೆ ಊಟ ಜಾಸ್ತಿ ಆಗ್ತಿದೆ."

ಯಜಮಾನರಿಗೆ ಗಾಯದ ಮೇಲೆ ಬರೆ ಎಳೆದಂತಾಯಿತು. "ಸಾಕ್ಷಿ ತೋರ್ಸೋ. ಈಗಲೇ ಇವಳನ್ನ ಕೆಲಸದಿಂದ ತೆಗೀತೀನಿ!"

ದೊಡ್ಡಕ್ಕನ ನಗು ಅಡಗಿತು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಜೋಪಾನಪ್ಪ ಉತ್ಸಾಹದಿಂದ ಕಂಪ್ಯೂಟರಿನ ಮುಂದೆ ಕೂತ. ಈ ಸಲ ಫೈಲನ್ನಲ್ಲ, ಅದಿದ್ದ ಫೋಲ್ಡರನ್ನೇ ತೆರೆದ. ನೋಡಿದ. ಬೆವರಿದ.

"ಕಳ್ಳ ಸಿಕ್ಕಿದ್ನೇನೋ?" ಎಂದರು ಮಾವ.

"ಸಿಕ್ಕಿದ ಮಾವ. ದೊಡ್ಡಕ್ಕನ್ನ ಬಿಟ್ಬಿಡಿ."

"ಮತ್ತೆ ಯಾರು?"

ಅಳಿಯ ಪರದೆಯತ್ತ ಕೈ ತೋರಿಸಿದ.

ಆ ಫೋಲ್ಡರಿನಲ್ಲಿಟ್ಟ ಪ್ರತಿಯೊಂದು ಫೈಲನ್ನೂ ಕಂಪ್ಯೂಟರ್ ಚಾಚೂ ತಪ್ಪದೆ ಪಾಲಿಸುತ್ತಿತ್ತು; ಅದಕ್ಕೆ ಅಸಲೂ ಒಂದೇ, ಜೋಪಾನಪ್ಪ ತೆಗೆದಿಟ್ಟ ನಕಲುಗಳೂ ಒಂದೇ.