ಅಂಗೈಯಷ್ಟು ಜಾಗ

ಕರೆ ಮುಗಿಸುವ ಕೆಂಪು ಗುಂಡಿಯನ್ನು ದೊಡ್ಡದು ಮಾಡಿದ್ದಕ್ಕೆ ಜ್ಯೋತ್ಸ್ನಾ ತೆತ್ತ ಬೆಲೆ, ಪರದೆಯ ಕೆಳಗಿನ ಕಾಲು ಭಾಗ. ವಯಸ್ಸಾದವರ ಕಣ್ಣಿಗೆ ಬೇಗ ಬೀಳಲಿ ಎಂಬ ಲೆಕ್ಕ ಅವಳದು. ತಾನು ವಿನ್ಯಾಸ ಮಾಡಿದ ವಿಡಿಯೊ ಕರೆಯ ಆ್ಯಪನ್ನು ಬಳಸಿ ನೋಡಲು ಮನೋಳಿ ಊರಿನ ಮುದುಕಿ ಲಗಮವ್ವನ ಮನೆಗೆ ಬಂದರೆ, ಕರೆ ಮತ್ತೆ ಮತ್ತೆ ಕಟ್ಟಾಗುತ್ತಿತ್ತು.

"ಏನ ಯವ್ವಾ, ನಿನ್ನ ಆ್ಯಪಿಗೆ ನನ್ನ ಮಾರಿ ಸೇರವಲ್ದೇನ?" ಲಗಮವ್ವ ಛೇಡಿಸಿದಳು. "ಮೊಮ್ಮಗಳು ಪರೀಕ್ಷಾಕ್ಕ ಒಳಗ ಹೋಗೂ ಹೊತ್ತಾತು."

"ನೆಟ್‌ವರ್ಕ್ ಸರಿ ಇಲ್ಲಂತ ಕಾಣಸ್ತದ್ರಿ ಆಯಿ."

ಮತ್ತೆ ಕರೆ ಹತ್ತಿತು. ಈ ಸಲ ಜ್ಯೋತ್ಸ್ನಾ ಲ್ಯಾಪ್‌ಟಾಪ್ ಬಿಟ್ಟು ಫೋನನ್ನೇ ನೋಡಿದಳು. ಧಾರವಾಡದ ಪರೀಕ್ಷಾ ಕೇಂದ್ರದ ಮುಂದೆ ನಿಂತಿದ್ದ ಮೊಮ್ಮಗಳು ಪ್ರಣಿತಾ, "ಆಯಿ, ಆಶೀರ್ವಾದ ಮಾಡ" ಎಂದು ತಲೆ ಬಾಗಿದಳು. ತಲೆ ಪರದೆಯ ಕೆಳಭಾಗಕ್ಕೆ ಇಳಿಯಿತು. ಲಗಮವ್ವ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಆ ತಲೆಯ ಮೇಲೆ ಮೆಲ್ಲಗೆ ಇಟ್ಟಳು. ಕೆಂಪು ಗುಂಡಿ ಅಂಗೈಯಡಿ ಸಿಕ್ಕಿ ಪರದೆ ಕಪ್ಪಾಯಿತು.

ಗಾಜಿನ ಆಚೆಗೂ ತನ್ನ ಕೈ ಮುಟ್ಟುತ್ತದೆ ಎಂಬುದರಲ್ಲಿ ಈ ಮುದುಕಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಜ್ಯೋತ್ಸ್ನಾ ಲ್ಯಾಪ್‌ಟಾಪಿನಲ್ಲಿ ಬಡಬಡ ಗುಂಡಿಯನ್ನು ಚಿಕ್ಕದು ಮಾಡಿ ಮೇಲಿನ ಮೂಲೆಗೆ ಸರಿಸಿ, ಮತ್ತೆ ಕರೆ ಹಚ್ಚಿದಳು. ಪ್ರಣಿತಾ ಮತ್ತೆ ತಲೆ ಬಾಗಿದಳು. "ಈಗ ಕೈ ಇಡ್ರಿ ಆಯಿ."

ಕರೆ ಕಟ್ಟಾಗಲಿಲ್ಲ. ಅಂಗೈ ಏಳುವವರೆಗೂ ಪ್ರಣಿತಾ ತಲೆ ಎತ್ತಲಿಲ್ಲ. ದೊಡ್ಡ ಗುಂಡಿ ಹೋಯಿತು. ಒಂದು ಕೈ ಊರುವಷ್ಟು ಜಾಗ ಸಿಕ್ಕಿತು.