ಹ್ಯಾಂಡಲ್ ಇದ್ದ ಕಾರು

"ಅಣ್ಣಾ, ನೀ ಕೆಳಗ ಇಳಿ" ಅಂದಳು ಓಡಿಸುವ ಸೀಟಿನಲ್ಲಿ ಕೂತಿದ್ದ ಶರಣಬಸಮ್ಮ.

ಅಂಬಣ್ಣ ಕೇಳಿಸದವನಂತೆ ಕಾರಿನ ಎಡಗಡೆ ಸೀಟಿನಲ್ಲೇ ಕೂತಿದ್ದ. ಭಾನುವಾರದ ಬೆಳಗು. ಪಟಾನ್‌ಚೆರುವಿನಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಖಾಲಿ ಮೈದಾನ. ಕಾವಲುಗಾರ ವೆಂಕಟೇಶ ಹಳೆಯ ಪರಿಚಯದವನು. ಗೇಟು ತೆಗೆದುಕೊಟ್ಟು, ತಮಾಷೆ ನೋಡಲು ಸ್ಟೂಲು ಎಳೆದುಕೊಂಡು ಕೂತಿದ್ದ. ಅಂಗಡಿಯಿದ್ದ ಮೆಹದಿಪಟ್ಟಣಂನಿಂದ ಇಲ್ಲಿಯವರೆಗೆ ಕಾರನ್ನು ಸಣ್ಣ ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಇಂಥ ಗಾಡಿಯನ್ನು ರಸ್ತೆಗೆ ಇಳಿಸಲು ಯಾವ ಪೊಲೀಸನೂ ಬಿಡುವುದಿಲ್ಲ.

ಗಾಡಿ ಇದ್ದದ್ದೂ ಹಾಗೇ. ಗುಜರಿಯಿಂದ ತಂದ ಪುಟ್ಟ ಕಾರು, ಅದರ ಇಂಜಿನ್ ಎಂದೋ ಕೈಕೊಟ್ಟಿತ್ತು. ಬೈಕ್ ರಿಪೇರಿ ಅಂಗಡಿಯ ಅಂಬಣ್ಣನಿಗೆ ಬರುತ್ತಿದ್ದದ್ದು ಬೈಕಿನ ವಿದ್ಯೆಯೊಂದೇ. ಮೂಲೆ ಸೇರಿದ್ದ ತನ್ನ ಹಳೆಯ ಬೈಕಿನ ಇಂಜಿನ್ ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಕೂರಿಸಿ, ಚೈನು ಹಾಕಿ ಹಿಂದಿನ ಚಕ್ರಗಳಿಗೆ ಜೋಡಿಸಿದ್ದ. ಕಾಲಿನಿಂದ ಒತ್ತುವ ಗೇರಿಗೆ ಉದ್ದನೆಯ ಸರಳು ಬೆಸೆದು ಬಲಗೈಗೆ ಎಟುಕುವಂತೆ ಮಾಡಿದ್ದ. ಸ್ಟೀರಿಂಗ್ ಕಿತ್ತುಹಾಕಿ ಬೈಕಿನ ಹ್ಯಾಂಡಲ್ಲನ್ನೇ ನಿಲ್ಲಿಸಿದ್ದ. ಬಲಗೈಗೇ ಆಕ್ಸಿಲರೇಟರು ಮತ್ತು ಬ್ರೇಕು, ಎಡಗೈಗೆ ಕ್ಲಚ್ಚು. ಅಂಗಡಿ ಕೆಲಸದ ನಡುನಡುವೆ ಎಂಟು ತಿಂಗಳು ಹಿಡಿದಿತ್ತು. ಮೂರು ವರ್ಷದವಳಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲು ಸೋತ ತಂಗಿ ಒಮ್ಮೆ ತಾನೇ ಗಾಡಿ ಓಡಿಸಿ ನೋಡಲಿ, ಕೈ ಕುದುರಿದರೆ ಲೈಸೆನ್ಸು ಮಾಡಿಸಿ ಅವಳಿಗೆ ತಕ್ಕ ಒಳ್ಳೆಯ ಕಾರನ್ನೇ ಕೊಡಿಸೋಣ ಅನ್ನುವುದು ಅವನ ಆಸೆ.

"ಮೊದಲನೇ ದಿನಾನಽ ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ? ಸುಮ್ಮನ ಬಾಜೂಕ ಕೂಡ್ತೀನಿ. ಬ್ರೇಕ್ ಹಿಡಿಯೂದ ಮರತಿ ಅಂದ್ರ?"

"ನೀ ಬಾಜೂಕ ಇದ್ರ ಮರೀತೀನಿ. ಇಲ್ಲಂದ್ರ ಮರಿಯಾಂಗಿಲ್ಲ."

"ಸೈಡ್ ಗಾಲಿ ಹಚ್ಚಿದ ಸ್ಕೂಟರ್ ಕಲಿಯಾಕ ಹೋಗಿ ಬಿದ್ದು ಹೆಗಲ ಮುರಕೊಂಡಿದ್ದು ನೆನಪೈತಿಲ್ಲೊ?"

"ಐತಿ. ಇಪ್ಪತ್ತೆರಡು ವರ್ಷ ಆತು. ಆವತ್ತಿನಿಂದ ನೀನಽ ನನ್ನ ಬೈಕ್ ಮ್ಯಾಲ ಎತ್ತಿ ಕೂಡಿಸಿ ಲೈಬ್ರರಿ ಕೆಲಸಕ್ಕ ಬಿಡಾಕತ್ತೀದಿ. ದಿನಾ ನಿನ್ನ ಬೆನ್ನ ನೋಡಕೋತ ಹೋಗೀನಿ, ನಿನ್ನ ಬೆನ್ನ ನೋಡಕೋತ ಬಂದೀನಿ. ಮುಂದ ರಸ್ತಾ ಹ್ಯಾಂಗಿರತೈತಿ ನೋಡೇ ಇಲ್ಲಣ್ಣಾ."

ಅಂಬಣ್ಣ ಇಳಿದ. ಅವಳು ಹಿಂದಿನ ಸೀಟಿನ ಕಡೆ ಕೈಚಾಚಿ ತನ್ನ ಎರಡು ಊರುಗೋಲುಗಳನ್ನೂ ಕಿಟಕಿಯಿಂದ ಹೊರಗೆ ಕೊಟ್ಟಳು. "ಇವನ್ನೂ ಹಿಡ್ಕೊ. ಖಡಖಡ ಅಂತಾವ."

ಎರಡು ಸಲ ಇಂಜಿನ್ ಆಫ್ ಆಯಿತು. "ಕ್ಲಚ್ ಸಾವಕಾಶ ಬಿಡ್ರಿ ಅಕ್ಕಾ" ಎಂದು ವೆಂಕಟೇಶ ಸ್ಟೂಲಿನಿಂದಲೇ ಕೂಗಿದ. ಮೂರನೇ ಸಲ ಕಾರು ಮುಗ್ಗರಿಸಿದಂತೆ ಮಾಡಿ ಹೊರಟಿತು. ಅಂಬಣ್ಣ ಕಿಟಕಿ ಹಿಡಿದು ಜೊತೆಗೇ ನಡೆದ, ಆಮೇಲೆ ಓಡಿದ, ಆಮೇಲೆ ಕಿಟಕಿ ಅವನ ಕೈಯಿಂದ ತಪ್ಪಿತು. ಅವಳು ಎರಡನೇ ಗೇರಿಗೆ ಹಾಕಿದ್ದಳು. ಕಾರು ಮೈದಾನ ದಾಟಿ ಹಳೆಯ ಗೋದಾಮಿನ ಹಿಂದೆ ಮರೆಯಾಯಿತು. ಇಂಜಿನ್ನಿನ ಸದ್ದು ಕೇಳುತ್ತಿತ್ತು. ಅಂಬಣ್ಣ ಅದರ ಒಂದೊಂದು ಏರಿಳಿತವನ್ನೂ ಬಲ್ಲವನು. ಇದ್ದಕ್ಕಿದ್ದಂತೆ ಆ ಸದ್ದು ನಿಂತಿತು.

ತಂಗಿ ಅಲ್ಲೆಲ್ಲೋ ಇದ್ದಾಳೆ, ಅವಳ ಕೋಲುಗಳು ಇಲ್ಲಿ ತನ್ನ ಕೈಯಲ್ಲಿವೆ. ಅವಳ ನಲವತ್ತಾರು ವರ್ಷದ ಬದುಕಿನಲ್ಲಿ ಹೀಗೆ ಆದದ್ದು ಇದೇ ಮೊದಲು. ಅವೆರಡನ್ನೂ ಎದೆಗೆ ಅವಚಿಕೊಂಡು ಅಂಬಣ್ಣ ಓಡಿದ. ವೆಂಕಟೇಶನೂ ಸ್ಟೂಲು ಉರುಳಿಸಿ ಹಿಂದೆ ಓಡಿಬಂದ.

ಗೋದಾಮಿನ ಹಿಂದೆ ಕಾಂಪೌಂಡ್ ಗೋಡೆಯಿಂದ ಒಂದು ಮೊಳ ಅಂತರದಲ್ಲಿ ಕಾರು ನಿಂತಿತ್ತು. ಶರಣಬಸಮ್ಮ ಬ್ರೇಕಿನ ಮೇಲಿನ ಕೈ ತೆಗೆದಿರಲಿಲ್ಲ. ಮುಖವೆಲ್ಲ ಬೆವರು.

"ಪೆಟ್ಟಾತೇನವ್ವಾ? ಗ್ವಾಡಿ ಕಾಣಲಿಲ್ಲೇನು?"

"ಕಂಡಿತು."

"ಮತ್ತ ಗಾಡಿ ತಾನಽ ನಿಂತಿತೇನು?"

"ತಾನಽ ಎಲ್ಲಿ ನಿಂತಿತು? ನಾ ನಿಲ್ಲಿಸೀನಿ." ಅವಳ ತುಟಿಯಲ್ಲಿ ತಡೆಹಿಡಿದ ನಗು ಒದ್ದಾಡುತ್ತಿತ್ತು. "ಈಗ ಹಿಂದಕ ಹ್ಯಾಂಗ ತರೂದು ಹೇಳು."

ಅಂಬಣ್ಣ ತಲೆ ಕೆರೆದುಕೊಂಡ. ಬೈಕಿನ ಇಂಜಿನ್ನಿಗೆ ರಿವರ್ಸ್ ಗೇರ್ ಎಲ್ಲಿಂದ ಬರಬೇಕು? ಅವನೂ ವೆಂಕಟೇಶನೂ ಗೋಡೆಗೆ ಬೆನ್ನು ಕೊಟ್ಟು, ಕಾರಿನ ಮೂತಿಗೆ ಕೈಹಚ್ಚಿ ಹಿಂದಕ್ಕೆ ನೂಕಿದರು. ವೆಂಕಟೇಶ ಏದುಸಿರು ಬಿಡುತ್ತ, "ಅಣ್ಣಾರೆ, ಮೈಲೇಜ್ ಛಲೋ ಐತಿ, ಇಬ್ಬರು ಆಳು ಮಾತ್ರ ಬೇಕಾಗ್ತಾರ" ಅಂದ. ಶರಣಬಸಮ್ಮ ಹ್ಯಾಂಡಲ್ ತಿರುಗಿಸುತ್ತ ಜೋರಾಗಿ ನಕ್ಕಳು. ಅವಳು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ಅಂಬಣ್ಣ ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಏನ ನಿಂತೀದಿ? ಹತ್ತು" ಎಂದು ಎಡಗಡೆಯ ಬಾಗಿಲನ್ನು ಅವಳೇ ಬಗ್ಗಿ ತೆಗೆದಳು. "ಗೇಟಿನತನಾ ಬಿಡ್ತೀನಿ."

ಅಂಬಣ್ಣ ಹತ್ತಿ ಕೂತ. ಕಾರು ಈ ಸಲ ಮುಗ್ಗರಿಸದೆ ಹೊರಟಿತು. ಮೊದಲ ಗೇರು, ಎರಡನೆಯದು, ಮೂರು. ಗೋದಾಮಿನ ಮೂಲೆ ಎದುರಿಗೆ ಬರತೊಡಗಿತು. ಅಂಬಣ್ಣನ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಒತ್ತುವಂತೆ, ಕಾರಿನ ತಗಡಿನ ತಳವನ್ನು ಬಲವಾಗಿ ಒತ್ತಿ ಹಿಡಿಯಿತು. ಶರಣಬಸಮ್ಮ ಸಾವಕಾಶ ವೇಗ ಇಳಿಸಿ, ಮೂಲೆ ದಾಟಿಸಿ, ದಾರಿಯ ಮೇಲಿನ ಕಣ್ಣು ಕೀಳದೆಯೇ ಅಂದಳು:

"ಕಾಲ ಎತ್ತೋ ಅಣ್ಣಾ, ತಗಡ ತೂತಾದೀತು. ಈ ಗಾಡ್ಯಾಗ ಕಾಲಿಗೆ ಏನೂ ಕೆಲಸ ಇಲ್ಲ."